ನಡಿಗೆ ನೋಡುವ ವಿದ್ಯೆ

ಮಕ್ಕಳ ಮೂಳೆ ತಜ್ಞರ ಕೋಣೆಯಲ್ಲಿ ಸ್ವಲ್ಪ ಹೊತ್ತು ಕೂತರೆ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಕುಂಟುವ ಮಗುವನ್ನು ಎತ್ತಿಕೊಂಡು ಬಂದ ಅಪ್ಪ ಕೂರುವುದಕ್ಕೂ ಮುಂಚೆ ಎಕ್ಸ್‌ರೇ ಕವರನ್ನು ಮುಂದೆ ಚಾಚುತ್ತಾನೆ. ಪಳಗಿದ ವೈದ್ಯರು ಅದನ್ನು ಬಿಚ್ಚದೆ ಮೇಜಿನ ಮೇಲಿಟ್ಟು, "ಮೊದಲು ಕೆಳಗೆ ಇಳಿಸಿ. ನಡೀಲಿ, ನೋಡೋಣ" ಎನ್ನುತ್ತಾರೆ. ಚಿತ್ರ ಎಲ್ಲಿಗೂ ಓಡಿಹೋಗುವುದಿಲ್ಲ. ಮಗುವಿನ ನಡಿಗೆ ಹಾಗಲ್ಲ, ಅದು ಅಳಲು ಶುರುಮಾಡಿದ ಮೇಲೆ ನೋಡಲು ಸಿಗುವುದಿಲ್ಲ. ಅಲ್ಲದೆ ಯಾವ ಜಾಗದ ಚಿತ್ರ ತೆಗೆಯಬೇಕಿತ್ತು ಎಂದು ತೀರ್ಮಾನಿಸಬೇಕಾದದ್ದೇ ನಡಿಗೆ. ಮಂಡಿನೋವೆಂದು ಮಂಡಿಯ ಎಕ್ಸ್‌ರೇ ತಂದಿರುತ್ತಾರೆ, ರೋಗ ಸೊಂಟದ ಕೀಲಿನಲ್ಲಿ ಕೂತಿರುತ್ತದೆ.

ಕುಂಟುವುದು ಒಂದು ರೋಗವಲ್ಲ, ಲಕ್ಷಣ. ಅಂಗಾಲಿಗೆ ಚುಚ್ಚಿದ ಜಾಲಿಮುಳ್ಳಿನಿಂದ ಹಿಡಿದು ರಕ್ತದ ಕ್ಯಾನ್ಸರಿನವರೆಗೆ ಹತ್ತಾರು ಕಾರಣಗಳು ಅದರ ಹಿಂದಿರಬಹುದು. ಹೆಚ್ಚಿನವು ಕೆಲವೇ ದಿನಗಳಲ್ಲಿ ತಾವಾಗಿ ವಾಸಿಯಾಗುವಂಥವು. ಕೆಲವು ಮಾತ್ರ ಒಂದು ದಿನ ತಡವಾದರೂ ಕೀಲನ್ನು ಶಾಶ್ವತವಾಗಿ ಕೆಡಿಸುವಂಥವು. ಕಾಯಬಹುದಾದ ಕುಂಟು ಯಾವುದು, ಕಾಯಬಾರದ ಕುಂಟು ಯಾವುದು ಎಂದು ಬೇರ್ಪಡಿಸುವುದೇ ವೈದ್ಯರ ನಿಜವಾದ ಪರೀಕ್ಷೆ. ಎರಡು ವರ್ಷದ ಮಗುವಿಗೆ ನೋವು ಎಲ್ಲಿದೆ ಎಂದು ಹೇಳಲು ಬಾರದು; ಆರು ವರ್ಷದ್ದಕ್ಕೆ ಮಾತು ಬಂದರೂ ತೋರಿಸುವ ಬೆರಳು ತಪ್ಪು ಜಾಗಕ್ಕೆ ಹೋಗುತ್ತದೆ. ಹೀಗಾಗಿ ವೈದ್ಯರ ಕಣ್ಣು, ಕಿವಿ, ಕೈ ಒಂದರ ಹಿಂದೆ ಒಂದು ಕ್ರಮವಾಗಿ ಕೆಲಸ ಮಾಡಬೇಕು. ಯಾವುದು ಮೊದಲು, ಯಾವುದು ಕೊನೆಗೆ ಎಂಬ ಆ ಕ್ರಮದಲ್ಲೇ ಈ ವಿದ್ಯೆಯ ಜೀವಾಳವಿದೆ.

ಸರಿಯಾದ ನಡಿಗೆ ಯಾವುದು?

ತಪ್ಪನ್ನು ಗುರುತಿಸುವವರಿಗೆ ಸರಿ ಗೊತ್ತಿರಬೇಕು. ಮಕ್ಕಳ ವಿಷಯದಲ್ಲಿ ಆ ಸರಿಯೂ ವಯಸ್ಸಿನೊಂದಿಗೆ ಬದಲಾಗುತ್ತದೆ. ಸಾಮಾನ್ಯವಾಗಿ 12ರಿಂದ 15 ತಿಂಗಳಿಗೆ ಮಗು ಹೆಜ್ಜೆ ಇಡುತ್ತದೆ. ಆಗ ಅದರ ಕಾಲುಗಳು ಅಗಲ, ಕೈಗಳು ಎದೆಯ ಮಟ್ಟಕ್ಕೆ ಎತ್ತಿಕೊಂಡಿರುತ್ತವೆ. ಹಿಮ್ಮಡಿಯ ಬದಲು ಇಡೀ ಪಾದ ಒಟ್ಟಿಗೆ ನೆಲಕ್ಕೆ ಬಡಿಯುತ್ತದೆ. ಹೆಜ್ಜೆ ಚಿಕ್ಕದು, ಆದರೆ ಬಹಳ ಚುರುಕು. ತಿಂಗಳುಗಳು ಕಳೆದಂತೆ ಕೈ ಕೆಳಗಿಳಿಯುತ್ತದೆ, ಹಿಮ್ಮಡಿ ಮೊದಲು ನೆಲ ಮುಟ್ಟಲು ಕಲಿಯುತ್ತದೆ. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಡೇವಿಡ್ ಸದರ್ಲ್ಯಾಂಡ್ ಮತ್ತು ಸಂಗಡಿಗರು ಮಕ್ಕಳ ನಡಿಗೆಯನ್ನು ಚಿತ್ರೀಕರಿಸಿ, ಅಳೆದು 1980ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬೆಳವಣಿಗೆಯ ನಕ್ಷೆಯನ್ನೇ ಕೊಟ್ಟಿತು. ಸುಮಾರು ಏಳು ವರ್ಷಕ್ಕೆ ಮಗುವಿನ ನಡಿಗೆ ದೊಡ್ಡವರ ನಡಿಗೆಯ ರೂಪಕ್ಕೆ ಬರುತ್ತದೆ.

ಈ ತಿಳಿವಳಿಕೆಯಿಂದಲೇ ಎಷ್ಟೋ ತಾಯಂದಿರ ಆತಂಕ ಕಳೆಯುತ್ತದೆ. ಒಂದೂವರೆ ವರ್ಷದ ಮಗುವಿನ ಕಾಲು ಹೊರಕ್ಕೆ ಬಾಗಿರುವುದು, ಮೂರು-ನಾಲ್ಕರ ಮಗುವಿನ ಮಂಡಿಗಳು ಒಂದಕ್ಕೊಂದು ತಾಗುವುದು, ಎರಡೂ ಬೆಳವಣಿಗೆಯ ಹಂತಗಳೇ. ಎರಡೂ ಕಾಲು ಒಂದೇ ಸಮ ಬಾಗಿವೆಯೇ, ವಯಸ್ಸಿಗೆ ತಕ್ಕಷ್ಟೇ ಇದೆಯೇ ಎಂದು ನೋಡಿದರೆ ಬಹುಪಾಲು ಸಂದರ್ಭದಲ್ಲಿ ಸಾಕು. ಒಂದೇ ಕಾಲು ಬಾಗಿದ್ದರೆ, ವಯಸ್ಸು ದಾಟಿದರೂ ಬಾಗು ಹೆಚ್ಚುತ್ತಲೇ ಇದ್ದರೆ ರಿಕೆಟ್ಸ್ ಮೊದಲಾದ ಕಾರಣಗಳನ್ನು ಹುಡುಕಬೇಕು.

ಒಂದು ಹೆಜ್ಜೆಯನ್ನು ವೈದ್ಯರು ಎರಡು ಭಾಗ ಮಾಡಿಕೊಳ್ಳುತ್ತಾರೆ. ಪಾದ ನೆಲದ ಮೇಲಿದ್ದು ಭಾರ ಹೊರುವ ಭಾಗ ಒಂದು, ಗಾಳಿಯಲ್ಲಿ ಮುಂದಕ್ಕೆ ತೂಗುವ ಭಾಗ ಇನ್ನೊಂದು. ಮಾಮೂಲು ನಡಿಗೆಯಲ್ಲಿ ಪ್ರತಿ ಕಾಲೂ ಸುಮಾರು ಶೇ 60ರಷ್ಟು ಹೊತ್ತು ನೆಲದ ಮೇಲೆ, ಶೇ 40ರಷ್ಟು ಹೊತ್ತು ಗಾಳಿಯಲ್ಲಿ ಇರುತ್ತದೆ. ಕುಂಟಿನ ವಿಧಗಳೆಲ್ಲ ಈ ಲೆಕ್ಕ ಎಲ್ಲಿ ತಪ್ಪಿತು ಎಂಬುದರಿಂದ ತಿಳಿಯುತ್ತವೆ.

ಕುಂಟಿನ ಜಾತಿಗಳು

ಮೊದಲನೆಯದು ನೋವಿನ ಕುಂಟು. ಬಿಸಿಲಿಗೆ ಕಾದ ಚಪ್ಪಡಿಯ ಮೇಲೆ ಬರಿಗಾಲಿಟ್ಟವರಂತೆ, ನೋಯುವ ಕಾಲನ್ನು ಮಗು ನೆಲಕ್ಕೆ ತಾಗಿಸಿದಷ್ಟೇ ಬೇಗ ಎತ್ತಿಬಿಡುತ್ತದೆ. ಆ ಕಾಲು ಭಾರ ಹೊರುವ ಹೊತ್ತು ಕಡಿಮೆಯಾಗಿ, ಒಳ್ಳೆಯ ಕಾಲು ಆತುರಾತುರವಾಗಿ ಮುಂದೆ ಬಂದು ಬೀಳುತ್ತದೆ. ಇದನ್ನು ಕಣ್ಣಿಗಿಂತ ಮೊದಲು ಕಿವಿ ಹಿಡಿಯುತ್ತದೆ. ಹೆಜ್ಜೆಗಳ ಸದ್ದಿನ ನಡುವಣ ಅಂತರ ಒಂದು ಉದ್ದ, ಒಂದು ಗಿಡ್ಡ ಆಗಿರುತ್ತದೆ. ಕಾಲ್ಗೆಜ್ಜೆ ಹಾಕಿಕೊಂಡ ಮಗು ಕಾರಿಡಾರಿನಲ್ಲಿ ಬರುತ್ತಿದ್ದರೆ ಒಳಗೆ ಕೂತ ವೈದ್ಯರಿಗೆ ಲಯ ತಪ್ಪಿರುವುದು ತಿಳಿದುಹೋಗುತ್ತದೆ.

ಎರಡನೆಯದರಲ್ಲಿ ನೋವಿರಬೇಕೆಂದಿಲ್ಲ, ಬಲ ಕಡಿಮೆ. ನಾವು ಒಂದು ಕಾಲೆತ್ತಿ ನಿಂತಾಗ ಸೊಂಟ ಆ ಕಡೆಗೆ ಕುಸಿಯದಂತೆ ಹಿಡಿಯುವುದು ನಿಂತ ಕಾಲಿನ ಕಡೆಯ ಪಿರ್ರೆಯ ಸ್ನಾಯುಗಳು. ಅವು ಸೋತರೆ, ಅಥವಾ ಅವು ಆತುಕೊಳ್ಳುವ ಕೀಲೇ ಜಾಗ ತಪ್ಪಿದ್ದರೆ, ಎತ್ತಿದ ಕಾಲಿನ ಕಡೆ ಸೊಂಟ ಜಾರುತ್ತದೆ. ಮಗು ಬೀಳದಿರಲು ಮೈಯನ್ನು ನಿಂತ ಕಾಲಿನ ಮೇಲಕ್ಕೆ ವಾಲಿಸುತ್ತದೆ. ಇದನ್ನು ವಿವರಿಸಿದವರು ಜರ್ಮನಿಯ ಶಸ್ತ್ರವೈದ್ಯ ಫ್ರೀಡ್ರಿಕ್ ಟ್ರೆಂಡೆಲೆನ್‌ಬರ್ಗ್, 1895ರಲ್ಲಿ. ರಾಂಟ್‌ಜೆನ್ ಎಕ್ಸ್ ಕಿರಣಗಳನ್ನು ಕಂಡುಹಿಡಿದದ್ದೂ ಅದೇ ವರ್ಷದ ನವೆಂಬರಿನಲ್ಲಿ. ಅಂದರೆ ಮೂಳೆಯನ್ನು ಚಿತ್ರದಲ್ಲಿ ನೋಡುವ ಉಪಾಯವೇ ಇಲ್ಲದಿದ್ದಾಗ, ರೋಗಿಯ ಬೆನ್ನ ಹಿಂದೆ ನಿಂತು ಬರಿಗಣ್ಣಿನಲ್ಲಿ ಕಂಡುಕೊಂಡ ಸತ್ಯ ಅದು. ಇಂದಿಗೂ ಆ ಪರೀಕ್ಷೆಗೆ ಬೇಕಾದದ್ದು "ಒಂದು ಕಾಲಲ್ಲಿ ನಿಲ್ಲು ಪುಟ್ಟಾ" ಎಂಬ ಒಂದು ಮಾತು ಮತ್ತು ಅರ್ಧ ನಿಮಿಷದ ತಾಳ್ಮೆ.

ಎರಡೂ ಕಡೆ ಹೀಗಾದಾಗ ಮಗು ಬಾತುಕೋಳಿ ನಡಿಗೆಗೆ ಬೀಳುತ್ತದೆ. ಹುಟ್ಟಿನಿಂದಲೇ ಎರಡೂ ಸೊಂಟದ ಕೀಲು ತಪ್ಪಿದ್ದರೆ ಹೀಗಾಗಬಹುದು. ಸ್ನಾಯುಗಳೇ ಕ್ಷೀಣಿಸುವ ಕಾಯಿಲೆಯಲ್ಲೂ ಆಗಬಹುದು. ಎರಡನ್ನೂ ಬೇರ್ಪಡಿಸುವ ಉಪಾಯ ಮಗುವನ್ನು ನೆಲದ ಮೇಲೆ ಕೂರಿಸಿ ಏಳಿಸುವುದು. ಮೂರು-ನಾಲ್ಕು ವರ್ಷದ ಗಂಡುಮಗು ನೆಲಕ್ಕೆ ಕೈಯೂರಿ, ನಂತರ ತನ್ನ ಮಂಡಿ, ತೊಡೆಗಳನ್ನೇ ಹಿಡಿದು ಮೇಲೇರುತ್ತಾ ಎದ್ದರೆ ವೈದ್ಯರು ಗಂಭೀರರಾಗುತ್ತಾರೆ. ಲಂಡನ್ನಿನ ವಿಲಿಯಂ ಗವರ್ಸ್ 1879ರಲ್ಲಿ ಬರೆದಿಟ್ಟ ಈ ಚಿಹ್ನೆ ಡುಷೇನ್ ಸ್ನಾಯುಕ್ಷಯದ ಕಡೆಗೆ ಬೊಟ್ಟು ಮಾಡುತ್ತದೆ.

ಒಂದು ಕಾಲು ಗಿಡ್ಡವಿದ್ದರೆ ಮಗು ಆ ಕಾಲಿನ ತುದಿಬೆರಳ ಮೇಲೆ ನಡೆಯುತ್ತದೆ, ಇಲ್ಲವೇ ಉದ್ದದ ಕಾಲಿನ ಮಂಡಿ ಬಗ್ಗಿಸುತ್ತದೆ. ಎರಡೂ ಕಾಲಿನ ಬೆರಳ ಮೇಲೆ ನಡೆಯುವುದು ಕೆಲವರಿಗೆ ಬರೀ ಅಭ್ಯಾಸ. ಸ್ನಾಯುಗಳು ಬಿಗಿದುಕೊಂಡಿದ್ದರೆ ಮಿದುಳಿನ ಪಾರ್ಶ್ವವಾಯುವಿನ (ಸೆರೆಬ್ರಲ್ ಪಾಲ್ಸಿ) ಸುಳಿವು. ಪಾದ ಜೋತುಬಿದ್ದು, ಅದು ನೆಲಕ್ಕೆ ತಾಗದಂತೆ ಮಗು ಮಂಡಿಯನ್ನು ಎತ್ತೆತ್ತಿ ಇಡುತ್ತಿದ್ದರೆ ನರ ಸೋತಿದೆ. ಹಾಗೆ ಕಂಡಾಗ ಕೇಳಬೇಕಾದ ಪ್ರಶ್ನೆ, "ಜ್ವರಕ್ಕೆ ಎಂದಾದರೂ ಪಿರ್ರೆಗೆ ಇಂಜೆಕ್ಷನ್ ಕೊಡಿಸಿದ್ರಾ?" ಚಿಕ್ಕ ಮಕ್ಕಳ ಪಿರ್ರೆಯಲ್ಲಿ ಮಾಂಸ ಕಡಿಮೆ, ಕಾಲಿನ ದೊಡ್ಡ ನರ ಸಮೀಪ. ತಪ್ಪು ಜಾಗಕ್ಕೆ ಬಿದ್ದ ಸೂಜಿ ಆ ನರವನ್ನು ಕೆಡಿಸಬಲ್ಲದು. ಲಸಿಕೆಗಳನ್ನು ಹಸುಗೂಸಿನ ತೊಡೆಯ ಪಕ್ಕಕ್ಕೆ ಕೊಡುವುದಕ್ಕೆ ಇದೂ ಒಂದು ಕಾರಣ.

ಕೇಳುವ ಕ್ರಮ

ನಡಿಗೆ ನೋಡಿದ ಮೇಲೆ ಮಾತು. ಬಹುತೇಕ ಅಪ್ಪ ಅಮ್ಮಂದಿರ ಮೊದಲ ವಾಕ್ಯ ಒಂದೇ: "ಬಿದ್ದುಬಿಟ್ಟ ಸಾರ್." ಜಾಣ ವೈದ್ಯರು ಇದನ್ನು ಕೇಳಿಸಿಕೊಳ್ಳುತ್ತಾರೆ, ಆದರೆ ನೆಚ್ಚಿಕೊಳ್ಳುವುದಿಲ್ಲ. ದಿನಕ್ಕೆ ನಾಲ್ಕು ಸಲ ಬೀಳದ ಮಗು ಯಾವ ಮನೆಯಲ್ಲಿದೆ? ಎಲ್ಲ ಕುಂಟಿಗೂ ಒಂದು ಬೀಳುವಿಕೆಯ ಕಥೆ ಸಿಕ್ಕೇ ಸಿಗುತ್ತದೆ. ಕೀಲಿನಲ್ಲಿ ಕೀವು ತುಂಬಿದ ಮಗುವನ್ನೂ, ಮೂಳೆಯಲ್ಲಿ ಗಡ್ಡೆ ಬೆಳೆಯುತ್ತಿರುವ ಮಗುವನ್ನೂ ಈ ಕಥೆಯೇ ವಾರಗಟ್ಟಲೆ ಎಣ್ಣೆ ತಿಕ್ಕಿಸುತ್ತಾ ಮನೆಯಲ್ಲಿ ಉಳಿಸಿರುತ್ತದೆ. ಇದಕ್ಕೆ ವಿರುದ್ಧವಾದ ಎಚ್ಚರವೂ ಬೇಕು. ಇನ್ನೂ ನಡೆಯದ ಕೂಸಿನ ತೊಡೆಮೂಳೆ ಮುರಿದಿದ್ದು, ಹೇಳುವ ಕಾರಣ ಅದಕ್ಕೆ ಹೊಂದದಿದ್ದರೆ, ಯಾರಾದರೂ ಮಗುವಿಗೆ ಪೆಟ್ಟು ಮಾಡಿದ್ದಾರೆಯೇ ಎಂಬ ಕಹಿ ಪ್ರಶ್ನೆಯನ್ನು ವೈದ್ಯರು ತಮ್ಮೊಳಗೆ ಕೇಳಿಕೊಳ್ಳಲೇಬೇಕು.

ಮುಂದಿನ ಪ್ರಶ್ನೆಗಳು ಸಣ್ಣವು, ಉತ್ತರಗಳು ದೊಡ್ಡವು. ದಿನದಲ್ಲಿ ಯಾವ ಹೊತ್ತಿಗೆ ಕುಂಟುತ್ತಾನೆ? ಬೆಳಿಗ್ಗೆ ಏಳುವಾಗ ಕಾಲು ಬಿಗಿದು, ಹೊತ್ತೇರಿದಂತೆ ಸಡಿಲವಾಗುವುದು ಮಕ್ಕಳ ಸಂಧಿವಾತದ ಗುಣ. ಆಟವಾಡಿದ ಮೇಲೆ, ಸಂಜೆಗೆ ಹೆಚ್ಚುವುದು ಮೂಳೆಯ ಅಥವಾ ಆಯಾಸದ ತೊಂದರೆ. ರಾತ್ರಿ ನಿದ್ದೆಯಿಂದ ಎಬ್ಬಿಸುವ, ದಿನದಿನಕ್ಕೆ ಹೆಚ್ಚುವ, ಒಂದೇ ಜಾಗದ ನೋವು ಅಪಾಯದ ಗಂಟೆ. ಬೆಳೆಯುವ ಮಕ್ಕಳ ಮಾಮೂಲು ಕಾಲುನೋವೂ ಸಂಜೆ ಅಥವಾ ರಾತ್ರಿಯೇ ಬರುತ್ತದೆ, ನಿಜ. ಆದರೆ ಅದು ಎರಡೂ ಕಾಲಿನಲ್ಲಿರುತ್ತದೆ, ಸವರಿದರೆ ಹಿತವೆನಿಸುತ್ತದೆ, ಬೆಳಿಗ್ಗೆ ಎದ್ದ ಮಗು ಕುಂಟದೆ ಓಡುತ್ತದೆ. ಕುಂಟು ಇದ್ದರೆ ಅದನ್ನು ಬೆಳವಣಿಗೆಯ ನೋವು ಎಂದು ಕರೆಯಬಾರದು ಎಂಬುದು ಈ ವಿದ್ಯೆಯ ಗಟ್ಟಿ ನಿಯಮಗಳಲ್ಲೊಂದು.

ಜ್ವರ ಬಂದಿತ್ತೇ, ಹಿಂದಿನ ವಾರ ನೆಗಡಿಯಿತ್ತೇ, ತೂಕ ಇಳಿದಿದೆಯೇ, ಮಗು ಬಿಳಚಿಕೊಂಡಿದೆಯೇ, ಮನೆಯಲ್ಲಿ ಯಾರಿಗಾದರೂ ಕ್ಷಯವಿತ್ತೇ, ಹೆರಿಗೆಯಲ್ಲಿ ಕಾಲು ಮೊದಲು ಬಂದಿತ್ತೇ, ಎಷ್ಟನೇ ತಿಂಗಳಿಗೆ ನಡೆದದ್ದು? ಕೊನೆಯ ಪ್ರಶ್ನೆಗೆ ಮಲೆನಾಡಿನಲ್ಲಿ ಇನ್ನೊಂದು ಸೇರುತ್ತದೆ: ಅಪ್ಪ ಅಥವಾ ಅಮ್ಮನೂ ಹೀಗೇ ನಡೆಯುತ್ತಾರೆಯೇ? ಸಾಗರ ತಾಲ್ಲೂಕಿನ ಹಂದಿಗೋಡು ಮತ್ತು ಸುತ್ತಲಿನ ಊರುಗಳಲ್ಲಿ 1970ರ ದಶಕದಲ್ಲಿ ಹಲವು ಕುಟುಂಬಗಳ ಜನ ಸೊಂಟ, ಮಂಡಿಯ ನೋವಿನಿಂದ ಕುಂಟುತ್ತಿರುವುದು ವೈದ್ಯರ ಗಮನಕ್ಕೆ ಬಂತು. ತಿನ್ನುವ ಆಹಾರದ ಮೇಲೂ ಗದ್ದೆಯ ಕೀಟನಾಶಕದ ಮೇಲೂ ಅನುಮಾನ ಹೋಯಿತು. ಕೊನೆಗೆ ವಂಶಾವಳಿಗಳನ್ನು ಬರೆದು, ಎಕ್ಸ್‌ರೇಗಳನ್ನು ಹೋಲಿಸಿ ನೋಡಿದಾಗ ಅದು ಪೀಳಿಗೆಯಿಂದ ಪೀಳಿಗೆಗೆ ಬರುವ ಮೂಳೆ ಬೆಳವಣಿಗೆಯ ದೋಷವೆಂದು ತಿಳಿಯಿತು. ಇಂದು ವೈದ್ಯಶಾಸ್ತ್ರದಲ್ಲಿ ಅದರ ಹೆಸರೇ ಹಂದಿಗೋಡು ಕಾಯಿಲೆ. ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಹಾಡಿಗಳಿಂದ ಬಂದ ಮಗುವಾದರೆ ಕುಡಗೋಲು ಕಣದ ರಕ್ತಹೀನತೆಯನ್ನೂ ನೆನೆಯಬೇಕು. ಆ ಕಾಯಿಲೆಯಲ್ಲಿ ರಕ್ತನಾಳ ಕಟ್ಟಿಕೊಂಡು ತೊಡೆಮೂಳೆಯ ತಲೆ ಸತ್ತುಹೋಗಬಹುದು.

ಮುಟ್ಟುವ ಕ್ರಮ

ಈಗ ಕೈಯ ಸರದಿ. ಚಿಕ್ಕ ಮಗುವನ್ನು ಪರೀಕ್ಷೆಯ ಮೇಜಿನ ಮೇಲೆ ಮಲಗಿಸಿದರೆ ಅರ್ಧ ವಿದ್ಯೆ ಅಲ್ಲೇ ಸೋತಂತೆ. ಅಮ್ಮನ ಮಡಿಲೇ ಅದಕ್ಕೆ ಸರಿಯಾದ ಮೇಜು. ಬಟ್ಟೆ ಕಳಚಿರಬೇಕು, ಕಾಲು ಬರಿದಾಗಿರಬೇಕು. ಮೊದಲು ನೋಡಬೇಕಾದದ್ದು ಅಂಗಾಲು. ಮುಳ್ಳು, ಗಾಜಿನ ಚೂರು, ಗುಳ್ಳೆ, ಉಗುರುಸುತ್ತು, ಕಚ್ಚುವ ಹೊಸ ಬೂಟು ಇವನ್ನು ನೋಡದೆ ರಕ್ತಪರೀಕ್ಷೆಗೆ ಬರೆಯುವುದು ನಾಚಿಕೆಯ ಸಂಗತಿ. ಹಳೆಯ ಚಪ್ಪಲಿಯ ಅಟ್ಟೆ ತಿರುಗಿಸಿ ನೋಡಿದರೆ ಅದು ಎಲ್ಲಿ ಹೆಚ್ಚು ಸವೆದಿದೆ, ಕುಂಟು ಎಷ್ಟು ಹಳೆಯದು ಎಂಬುದೂ ತಿಳಿಯಬಹುದು.

ಆಮೇಲೆ ಒಳ್ಳೆಯ ಕಾಲು. ನೋಯುವ ಕಾಲನ್ನು ಮೊದಲು ಮುಟ್ಟಿದರೆ ಮಗು ಮತ್ತೆ ಯಾವುದನ್ನೂ ಮುಟ್ಟಗೊಡುವುದಿಲ್ಲ. ಒಳ್ಳೆಯ ಕಾಲನ್ನು ಆಡಿಸುತ್ತಾ ಮಾತಾಡಿಸಿದರೆ ಎರಡು ಲಾಭ: ಮಗುವಿಗೆ ನಂಬಿಕೆ ಬರುತ್ತದೆ, ವೈದ್ಯರಿಗೆ ಈ ಮಗುವಿನ ಸಹಜ ಚಲನೆ ಎಷ್ಟು ಎಂಬ ಅಳತೆ ಸಿಗುತ್ತದೆ. ಅಂಗೈಗಿಂತ ಕೈಯ ಹಿಂಬದಿಗೆ ಬಿಸಿ ಚೆನ್ನಾಗಿ ತಿಳಿಯುತ್ತದೆ, ಹಾಗಾಗಿ ಕೀಲುಗಳ ಮೇಲೆ ಕೈಯ ಹಿಂಬದಿಯನ್ನು ಆಡಿಸುತ್ತಾರೆ. ಪಾದದಿಂದ ಮೇಲಕ್ಕೆ ಒಂದೊಂದೇ ಮೂಳೆಯನ್ನು ಮೆಲ್ಲಗೆ ಒತ್ತುತ್ತಾ ಬರುವಾಗ ಅವರ ಕಣ್ಣು ಕಾಲಿನ ಮೇಲಲ್ಲ, ಮಗುವಿನ ಮುಖದ ಮೇಲಿರುತ್ತದೆ. ಬಾಯಿ ಹೇಳದ್ದನ್ನು ಹುಬ್ಬು ಹೇಳುತ್ತದೆ.

ನಡೆಯಲೊಲ್ಲದ ಮಗುವನ್ನು ಅಂಬೆಗಾಲಿಗೆ ಬಿಡುವುದು ಒಂದು ಸೊಗಸಾದ ಉಪಾಯ. ಅಂಬೆಗಾಲಿನಲ್ಲಿ ಭಾರ ಮಂಡಿಯ ಮೇಲೆ ಬೀಳುತ್ತದೆ, ಪಾದದ ಮೇಲಲ್ಲ. ನಡೆಯದ ಮಗು ಸಲೀಸಾಗಿ ಅಂಬೆಗಾಲಿಟ್ಟು ಹೋದರೆ ತೊಂದರೆ ಮಂಡಿಯಿಂದ ಕೆಳಗಿದೆ ಎಂದು ಊಹಿಸಬಹುದು. ಆಗಷ್ಟೇ ನಡೆಯಲು ಕಲಿತ ಮಕ್ಕಳಲ್ಲಿ ಇದು ಬಹಳ ಸಲ ಮೊಣಕಾಲ ಕೆಳಗಿನ ಮೂಳೆಯಲ್ಲಿ ತಿರುಚಿದಂತೆ ಬಿಟ್ಟ ಕೂದಲೆಳೆಯ ಬಿರುಕು. ಪಾದ ಸಿಕ್ಕಿಕೊಂಡು ಮೈ ತಿರುಗಿದರೆ ಸಾಕು, ಈ ಬಿರುಕು ಬೀಳುತ್ತದೆ. ಮೊದಲ ದಿನದ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಹೋಗಬಹುದು. ವಾರ, ಹತ್ತು ದಿನ ಕಳೆದ ಮೇಲೆ ಹೊಸ ಮೂಳೆ ಕೂಡುವಾಗ ಗುರುತು ಮೂಡುತ್ತದೆ. ಕೆಳಗೆ ಬಿದ್ದ ನಾಣ್ಯ ಎತ್ತಿಕೊಡು ಎಂದಾಗ ಬೆನ್ನು ಬಗ್ಗಿಸದೆ ಮಂಡಿಯಷ್ಟೇ ಮಡಿಸಿ ಕುಕ್ಕರಿಸುವ ಮಗುವಿನ ತೊಂದರೆ ಕಾಲಿನದೇ ಅಲ್ಲ, ಬೆನ್ನುಮೂಳೆಯದ್ದು. ಹೊಟ್ಟೆಯನ್ನೂ ಒತ್ತಿ ನೋಡುತ್ತಾರೆ, ಗಂಡುಮಕ್ಕಳಲ್ಲಿ ವೃಷಣವನ್ನೂ ನೋಡುತ್ತಾರೆ. ಅಪೆಂಡಿಕ್ಸ್ ಊದಿಕೊಂಡ ಮಗುವೂ ಬಲಗಾಲನ್ನು ಎಳೆಯುತ್ತಾ ನಡೆಯಬಹುದು.

ಉಳಿದದ್ದು ಸೊಂಟದ ಕೀಲು. ಆಳದಲ್ಲಿರುವುದರಿಂದ ಅದರ ಊತ ಕಣ್ಣಿಗೆ ಕಾಣದು, ಕೈಗೂ ಸಿಗದು. ಅದನ್ನು ಚಲನೆಯಿಂದಲೇ ಮಾತಾಡಿಸಬೇಕು. ಮಗುವನ್ನು ಬೋರಲು ಮಲಗಿಸಿ, ಮಂಡಿ ಮಡಿಸಿ, ಎರಡೂ ಪಾದಗಳನ್ನು ಹೊರಕ್ಕೆ ಬಿಟ್ಟರೆ ತೊಡೆಮೂಳೆ ಒಳಕ್ಕೆ ತಿರುಗುತ್ತದೆ. ಕೀಲಿನಲ್ಲಿ ತೊಂದರೆಯಿದ್ದರೆ ಎಲ್ಲಕ್ಕಿಂತ ಮೊದಲು ಕುಗ್ಗುವುದು ಈ ತಿರುಗುವಿಕೆ. ಒಂದು ಪಾದ ಮಾತ್ರ ಅರ್ಧಕ್ಕೇ ನಿಂತುಬಿಡುತ್ತದೆ. ಇನ್ನೊಂದು ಪರೀಕ್ಷೆ ಲಿವರ್‌ಪೂಲಿನ ಹ್ಯೂ ಓವನ್ ಥಾಮಸ್ ಅವರದು. ವೇಲ್ಸ್‌ನ ನಾಟಿ ಮೂಳೆವೈದ್ಯರ ಮನೆತನದಲ್ಲಿ ಹುಟ್ಟಿ, ವೈದ್ಯಕೀಯ ಓದಿ, ಎರಡೂ ವಿದ್ಯೆಗಳನ್ನು ಬೆಸೆದವರು ಅವರು. ಮಡಿಚಿಕೊಂಡ ಸೊಂಟದ ಕೀಲನ್ನು ರೋಗಿ ಬೆನ್ನು ಬಿಲ್ಲಾಗಿಸಿ ಮರೆಮಾಚುತ್ತಾನೆ ಎಂದು ಅವರು ಕಂಡುಕೊಂಡರು. ಒಳ್ಳೆಯ ಕಾಲನ್ನು ಎದೆಗೊತ್ತಿ ಬೆನ್ನನ್ನು ಚಪ್ಪಟೆ ಮಾಡಿದರೆ, ಅಡಗಿದ್ದ ಮಡಿಕೆ ಹೊರಬಿದ್ದು ಕೆಟ್ಟ ಕಾಲು ತಾನಾಗಿ ಮೇಲೇಳುತ್ತದೆ. ಸೊಂಟದ ಕೀಲಿನ ಕ್ಷಯ ಇನ್ನೂ ಇರುವ ನಮ್ಮ ದೇಶದಲ್ಲಿ ಈ ಪರೀಕ್ಷೆಗೆ ಇಂದಿಗೂ ಕೆಲಸವಿದೆ.

ವಯಸ್ಸೆಂಬ ದಿಕ್ಸೂಚಿ

ಸೊಂಟದ ಕೀಲಿನದೇ ತೊಂದರೆ ಎಂದು ಗೊತ್ತಾದ ಮೇಲೆ ವೈದ್ಯರಿಗೆ ದಾರಿ ತೋರುವುದು ವಯಸ್ಸು. ಆಗಷ್ಟೇ ನಡೆಯಲು ಕಲಿತು, ನೋವಿಲ್ಲದೆ ವಾಲಾಡುವ ಮಗುವಾದರೆ ಹುಟ್ಟಿನ ಕೀಲು ತಪ್ಪಿಕೆಯನ್ನು ಮೊದಲು ನೆನೆಯುತ್ತಾರೆ. ಹೆಣ್ಣುಮಕ್ಕಳಲ್ಲಿ, ಚೊಚ್ಚಲ ಮಕ್ಕಳಲ್ಲಿ, ಕಾಲು ಮುಂದಾಗಿ ಹುಟ್ಟಿದವರಲ್ಲಿ ಇದು ಹೆಚ್ಚು. ಕಾಲುಗಳನ್ನು ನೆಟ್ಟಗೆ ಮಾಡಿ ಬಿಗಿಯಾಗಿ ಬಟ್ಟೆ ಸುತ್ತುವುದು ಇದಕ್ಕೆ ಇಂಬು ಕೊಡುತ್ತದೆ; ಕೂಸನ್ನು ಕಾಲಗಲಿಸಿ ಕಂಕುಳಲ್ಲಿ ಎತ್ತಿಕೊಳ್ಳುವ ನಮ್ಮ ಹೆಂಗಸರ ರೂಢಿ ಕೀಲಿಗೆ ಒಳ್ಳೆಯದು. ಹುಟ್ಟಿದ ಕೂಸಿನ ತೊಡೆಗಳನ್ನು ಮೆಲ್ಲಗೆ ಅಗಲಿಸಿ ಕೀಲು ಒಳಕ್ಕೆ ಸೇರುವ ಟಕ್ಕೆಂಬ ಅನುಭವವನ್ನು ಬೆರಳಲ್ಲಿ ಹಿಡಿಯುವ ಪರೀಕ್ಷೆಯನ್ನು ಇಟಲಿಯ ಮರೀನೋ ಓರ್ಟೊಲಾನಿ 1930ರ ದಶಕದಲ್ಲಿ ಕೊಟ್ಟರು. ಮೊದಲ ತಿಂಗಳುಗಳಲ್ಲಿ ಸಿಕ್ಕಿದರೆ ಬರೀ ಪಟ್ಟಿಗಳಿಂದ ಸರಿಹೋಗುವ ತೊಂದರೆ, ನಡೆಯಲು ಶುರುಮಾಡಿದ ಮೇಲೆ ಸಿಕ್ಕಿದರೆ ಶಸ್ತ್ರಚಿಕಿತ್ಸೆಯನ್ನೇ ಬೇಡಬಹುದು.

ಮೂರರಿಂದ ಎಂಟರ ನಡುವೆ, ನೆಗಡಿಯಾಗಿ ಹೋದ ಒಂದೆರಡು ವಾರಕ್ಕೆ ಬೆಳಿಗ್ಗೆ ಎದ್ದವನೇ ಕುಂಟುವ ಮಗುವಿಗೆ ಬಹುತೇಕ ಕೀಲಿನ ಪೊರೆಯ ತಾತ್ಕಾಲಿಕ ಊತ. ವಿಶ್ರಾಂತಿ ಮತ್ತು ನೋವಿನ ಔಷಧದಿಂದ ಒಂದೆರಡು ವಾರದೊಳಗೆ ವಾಸಿ. ಆದರೆ ಇದೇ ವಯಸ್ಸಿನಲ್ಲಿ, ಇದೇ ರೂಪದಲ್ಲಿ ಕೀಲಿನ ಕೀವೂ ಬರುತ್ತದೆ. ಅದು ಗಂಟೆಗಳ ಲೆಕ್ಕದಲ್ಲಿ ಮೃದ್ವಸ್ಥಿಯನ್ನು ತಿನ್ನುತ್ತದೆ, ಒಳಗಿನ ಒತ್ತಡ ತೊಡೆಮೂಳೆಯ ತಲೆಗೆ ಹೋಗುವ ರಕ್ತವನ್ನು ತಡೆಯುತ್ತದೆ. ಅಂಥ ಮಗು ತೊಡೆಯನ್ನು ಮಡಿಚಿ, ಹೊರಕ್ಕೆ ಚಾಚಿ, ಹೊರಕ್ಕೇ ತಿರುಗಿಸಿ ಮಲಗಿರುತ್ತದೆ. ಕೀಲಿನ ಚೀಲಕ್ಕೆ ಹೆಚ್ಚು ದ್ರವ ಹಿಡಿಸುವುದು ಆ ಭಂಗಿಯಲ್ಲೇ. ಯಾರಾದರೂ ಕಾಲು ಮುಟ್ಟಲು ಬಂದರೆ ಚೀರುತ್ತದೆ.

ಈ ಎರಡನ್ನು ಬೇರ್ಪಡಿಸಲು ಬಾಸ್ಟನ್ನಿನ ಮಿನಿಂದರ್ ಕೋಚರ್ ಮತ್ತು ಸಂಗಡಿಗರು 1999ರಲ್ಲಿ ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟರು. ಮಗು ಕಾಲೂರಲು ಒಲ್ಲೆನೆನ್ನುತ್ತದೆಯೇ? ಜ್ವರ 38.5 ಡಿಗ್ರಿ ಸೆಲ್ಸಿಯಸ್ ದಾಟಿದೆಯೇ? ರಕ್ತದ ಇಎಸ್‌ಆರ್ 40 ಮೀರಿದೆಯೇ? ಬಿಳಿ ರಕ್ತಕಣ 12,000 ಮೀರಿವೆಯೇ? ಅವರ ಲೆಕ್ಕದಲ್ಲಿ ಒಂದಕ್ಕೆ ಹೌದೆಂದರೆ ಕೀವಿನ ಸಂಭವ ಶೇ 3, ಎರಡಕ್ಕೆ ಶೇ 40, ಮೂರಕ್ಕೆ ಶೇ 93, ನಾಲ್ಕಕ್ಕೂ ಹೌದೆಂದರೆ ಶೇ 99ಕ್ಕೂ ಹೆಚ್ಚು. ಬೇರೆ ಆಸ್ಪತ್ರೆಗಳ ಮಕ್ಕಳಲ್ಲಿ ಈ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಬರಲಿಲ್ಲ. ಮುಂದೆ ಸಿಆರ್‌ಪಿ ಪರೀಕ್ಷೆಯೂ ಪಟ್ಟಿಗೆ ಸೇರಿತು. ಆದರೂ ಈ ಪಟ್ಟಿಯ ದೊಡ್ಡತನ ಅದರ ಸರಳತೆಯಲ್ಲಿದೆ. ನಾಲ್ಕರಲ್ಲಿ ಎರಡಕ್ಕೆ ನೋಡುವ ಕಣ್ಣು ಮತ್ತು ಥರ್ಮಾಮೀಟರ್ ಸಾಕು, ಉಳಿದೆರಡು ತಾಲ್ಲೂಕು ಆಸ್ಪತ್ರೆಯಲ್ಲೂ ಆಗುವ ರಕ್ತಪರೀಕ್ಷೆಗಳು. ಸಂಶಯ ಬಲವಾದರೆ ಅಲ್ಟ್ರಾಸೌಂಡ್ ನೋಡಿಕೊಂಡು ಸೂಜಿಯಿಂದ ದ್ರವ ತೆಗೆಯುತ್ತಾರೆ. ಕೀವಾದರೆ ತಡಮಾಡದೆ ಕೀಲು ತೆರೆದು ತೊಳೆಯುತ್ತಾರೆ. ನವಜಾತ ಶಿಶುವಿನಲ್ಲಿ ಜ್ವರವೂ ಇರದೆ, ಕಾಲು ಆಡಿಸದಿರುವುದೊಂದೇ ಸುಳಿವಾಗಿರಬಹುದು.

ನಾಲ್ಕರಿಂದ ಹತ್ತರ ನಡುವಿನ ಹುಡುಗ, ಹೆಚ್ಚು ನೋವಿಲ್ಲದೆ, ತಿಂಗಳುಗಟ್ಟಲೆ ಕುಂಟುತ್ತಿದ್ದರೆ ಪರ್ಥೆಸ್ ಕಾಯಿಲೆ ಇರಬಹುದು. ತೊಡೆಮೂಳೆಯ ತಲೆಗೆ ರಕ್ತ ಹೋಗುವುದು ನಿಂತು, ಅದು ಸತ್ತು, ಚೂರಾಗಿ, ಎರಡು-ನಾಲ್ಕು ವರ್ಷಗಳಲ್ಲಿ ಮತ್ತೆ ಹುಟ್ಟಿಕೊಳ್ಳುತ್ತದೆ. 1910ರಲ್ಲಿ ಅಮೆರಿಕದ ಲೆಗ್, ಫ್ರಾನ್ಸಿನ ಕಾಲ್ವೆ, ಜರ್ಮನಿಯ ಪರ್ಥೆಸ್ ಬೇರೆಬೇರೆಯಾಗಿ ಇದನ್ನು ಗುರುತಿಸಿದರು. ಅದಕ್ಕೂ ಮುಂಚೆ ಇಂಥ ಮಕ್ಕಳನ್ನು ಕೀಲಿನ ಕ್ಷಯವೆಂದು ವರ್ಷಗಟ್ಟಲೆ ಹಾಸಿಗೆಗೆ ಕಟ್ಟಿಹಾಕುತ್ತಿದ್ದರು.

ಈ ಕಾಯಿಲೆಯ ಅಧ್ಯಯನದಲ್ಲಿ ಕರ್ನಾಟಕಕ್ಕೆ ದೊಡ್ಡ ಪಾಲಿದೆ. ನಮ್ಮ ಕರಾವಳಿಯಲ್ಲಿ ಪರ್ಥೆಸ್ ಹೆಚ್ಚಾಗಿ ಕಂಡುಬರುತ್ತಿತ್ತು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನಲ್ಲಿ ಬೆಂಜಮಿನ್ ಜೋಸೆಫ್ ಮತ್ತು ಸಂಗಡಿಗರು 610 ಮಕ್ಕಳ ಎಕ್ಸ್‌ರೇಗಳನ್ನು ಸಾಲಾಗಿ ಇಟ್ಟು, ಕಾಯಿಲೆ ಹೇಗೆ ಹೆಜ್ಜೆಹೆಜ್ಜೆಯಾಗಿ ನಡೆಯುತ್ತದೆ ಎಂದು 2003ರಲ್ಲಿ ಪ್ರಕಟಿಸಿದರು. ತಲೆ ಚೂರಾಗುವ ಹಂತದ ಕೊನೆಯ ಭಾಗದಲ್ಲೇ ಅದು ಗುಳಿಯಿಂದ ಹೆಚ್ಚು ಹೊರಸರಿಯುತ್ತದೆ, ಆದ್ದರಿಂದ ತಲೆಯನ್ನು ಗುಳಿಯೊಳಗೆ ಉಳಿಸುವ ಚಿಕಿತ್ಸೆ ಅದಕ್ಕೆ ಮುಂಚೆ ಆಗಬೇಕು ಎಂಬ ಅವರ ತೀರ್ಮಾನ ಇಂದು ಜಗತ್ತಿನ ಮಕ್ಕಳ ಮೂಳೆ ವೈದ್ಯರಿಗೆ ಪಾಠ. ಅವರು ತಿದ್ದಿ ಕೊಟ್ಟ ಹಂತಗಳ ವಿಂಗಡಣೆಯನ್ನೇ ಎಷ್ಟೋ ದೇಶಗಳಲ್ಲಿ ಬಳಸುತ್ತಾರೆ.

ಹನ್ನೊಂದು-ಹದಿನೈದರ ಸ್ಥೂಲ ಮಕ್ಕಳ ಕುಂಟಿಗೆ ಇನ್ನೊಂದು ಬಲೆಯಿದೆ. ಅವರು ಮಂಡಿ ನೋವೆನ್ನುತ್ತಾರೆ. ಸೊಂಟದ ಕೀಲಿಗೂ ಮಂಡಿಗೂ ಒಂದೇ ನರದ ಕವಲುಗಳು ಹೋಗುವುದರಿಂದ ಸೊಂಟದ ನೋವು ಮಂಡಿಯಲ್ಲಿ ಮೂಡುತ್ತದೆ. ಮಂಡಿಯ ಎಕ್ಸ್‌ರೇ ಚೆನ್ನಾಗಿದೆ ಎಂದು ಕಳಿಸಿದರೆ, ಅತ್ತ ತೊಡೆಮೂಳೆಯ ತಲೆ ಬೆಳವಣಿಗೆಯ ಪಟ್ಟಿಯಲ್ಲಿ ದಿನದಿನಕ್ಕೂ ಜಾರುತ್ತಿರುತ್ತದೆ. ಗುರುತಿಸುವ ಉಪಾಯ ಸರಳ: ತೊಡೆಯನ್ನು ಹೊಟ್ಟೆಯ ಕಡೆಗೆ ಮಡಿಸಿದಾಗ ಅದು ನೇರ ಬಾರದೆ ತಾನಾಗಿ ಹೊರಕ್ಕೆ ತಿರುಗುತ್ತದೆ. ಎಕ್ಸ್‌ರೇಯಲ್ಲೂ ಎದುರಿನ ಚಿತ್ರವೊಂದೇ ಸಾಲದು, ಕಪ್ಪೆಗಾಲಿನ ಭಂಗಿಯ ಪಕ್ಕದ ಚಿತ್ರ ಬೇಕು. ಗೊತ್ತಾದ ಕ್ಷಣದಿಂದ ಮಗು ಒಂದು ಹೆಜ್ಜೆಯೂ ನಡೆಯಬಾರದು. ಗಾಲಿಕುರ್ಚಿಯಲ್ಲೇ ಹೋಗಿ, ಶಸ್ತ್ರಚಿಕಿತ್ಸೆಯಲ್ಲಿ ಮೂಳೆಗೆ ತಿರುಪು ಹಾಕಿಸಿಕೊಳ್ಳಬೇಕು. ಮಂಡಿನೋವಿನ ಮಗುವಿನ ಸೊಂಟ ನೋಡದೆ ಕಳಿಸಬಾರದು ಎಂದು ಮೂಳೆ ವೈದ್ಯರು ಕಿರಿಯರಿಗೆ ಮತ್ತೆಮತ್ತೆ ಹೇಳುವುದು ಇದಕ್ಕೇ.

ಯಂತ್ರದ ಜಾಗ

ಯಂತ್ರಗಳು ಬೇಡವೆಂದಲ್ಲ, ಅವುಗಳ ಮಿತಿ ತಿಳಿದಿರಬೇಕು. ಮೂಳೆಯೊಳಗಿನ ಸೋಂಕು ಮೊದಲ ಹತ್ತು ಹದಿನಾಲ್ಕು ದಿನ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ನಾಲ್ಕು ತಿಂಗಳೊಳಗಿನ ಕೂಸಿನ ತೊಡೆಮೂಳೆಯ ತಲೆ ಇನ್ನೂ ಮೃದ್ವಸ್ಥಿಯಾದ್ದರಿಂದ ಅಲ್ಟ್ರಾಸೌಂಡೇ ಲೇಸು. ಎಂಆರ್‌ಐ ಎಲ್ಲಕ್ಕಿಂತ ಹೆಚ್ಚು ತೋರಿಸುತ್ತದೆ, ಆದರೆ ಚಿಕ್ಕ ಮಗುವಿಗೆ ನಿದ್ದೆ ಬರಿಸಬೇಕು. ಎಲ್ಲಿ ನೋಡಬೇಕೆಂದು ಮೊದಲೇ ತಿಳಿದಿರಬೇಕು. ರಕ್ತದ ಕ್ಯಾನ್ಸರ್ ಕೆಲವು ಮಕ್ಕಳಲ್ಲಿ ಮೊದಲು ಕುಂಟಾಗಿಯೇ ಕಾಣಿಸಿಕೊಳ್ಳುತ್ತದೆ. ಬಿಳಚಿಕೊಂಡ, ರಾತ್ರಿ ನರಳುವ ಮಗುವಿಗೆ ಸಂಧಿವಾತವೆಂದು ಅವಸರದಲ್ಲಿ ಸ್ಟೀರಾಯ್ಡ್ ಕೊಟ್ಟರೆ ಆ ಕ್ಯಾನ್ಸರ್ ಕೆಲಕಾಲ ಮರೆಯಾಗಿ, ಚಿಕಿತ್ಸೆ ಕಷ್ಟವಾಗುತ್ತದೆ. ಮೊದಲು ರಕ್ತದ ಲೇಪನವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಬೇಕು.

ಎಲ್ಲ ನೋಡಿಯೂ ಏನೂ ಸಿಗದ ಮಕ್ಕಳಿದ್ದಾರೆ. ಅವರ ವಿಷಯದಲ್ಲಿ ನುರಿತ ವೈದ್ಯರು ಬರೆಯುವ ಚೀಟಿ ಚಿಕ್ಕದು: "ನಾಳೆ ಮತ್ತೆ ಕರೆತನ್ನಿ." ಒಮ್ಮೆ ನೋಡಿದ ಕಣ್ಣೇ ಮತ್ತೆ ನೋಡುವುದಕ್ಕೆ ಬೆಲೆಯಿದೆ. ನಿನ್ನೆ ಊರುತ್ತಿದ್ದ ಕಾಲನ್ನು ಇಂದು ಊರದಿದ್ದರೆ ಅದೇ ಉತ್ತರ.

ಒಂದು ಕಾಲದಲ್ಲಿ ನಮ್ಮ ಊರುಗಳಲ್ಲಿ ಕುಂಟುವ ಮಗುವೆಂದರೆ ಪೋಲಿಯೊ ಎಂದೇ ಜನ ತಿಳಿಯುತ್ತಿದ್ದರು. ಭಾರತದ ಕೊನೆಯ ಕಾಡು ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡದ್ದು. 2014ರಲ್ಲಿ ದೇಶ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ಬಂತು. ಇಂದಿನ ಕುಂಟಿನ ಕಾರಣಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆಯಿದೆ, ಸಮಯಕ್ಕೆ ಸಿಕ್ಕಬೇಕಷ್ಟೆ.

ಆದ್ದರಿಂದ ಅಪ್ಪ ಅಮ್ಮಂದಿರಲ್ಲಿ ಒಂದು ವಿನಂತಿ. ಕುಂಟುವ ಕಾಲಿಗೆ ಎಣ್ಣೆ ತಿಕ್ಕಿಸಿ, ಉಳುಕು ತೆಗೆಸಿ, ಬಿಗಿಯಾಗಿ ಕಟ್ಟು ಹಾಕಿಸುವ ಮೊದಲು ವೈದ್ಯರಿಗೆ ತೋರಿಸಿ. ಮಗು ಮನೆಯಲ್ಲಿ ಸಹಜವಾಗಿ ನಡೆಯುವುದನ್ನು, ಸಾಧ್ಯವಾದರೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ಮುಂದಿನಿಂದ ಮತ್ತು ಹಿಂದಿನಿಂದ ಮೊಬೈಲಿನಲ್ಲಿ ಚಿತ್ರೀಕರಿಸಿ ಒಯ್ಯಿರಿ. ಜ್ವರದೊಂದಿಗೆ ಕಾಲೂರದಿದ್ದರೆ, ಕಾಲು ಮುಟ್ಟಗೊಡದಿದ್ದರೆ, ಕೂಸು ಒಂದು ಕಾಲನ್ನು ಆಡಿಸದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ಅಂದೇ ಆಸ್ಪತ್ರೆಗೆ ಹೋಗಿ. ಜ್ವರವಿಲ್ಲದೆ, ಆಟವಾಡಿಕೊಂಡಿರುವ ಮಗುವಿನ ಕುಂಟು ಒಂದು ವಾರದಲ್ಲಿ ಹೋಗದಿದ್ದರೂ ತೋರಿಸಿ. ವೈದ್ಯರು ಎಕ್ಸ್‌ರೇ ಬಿಚ್ಚುವ ಮೊದಲು ಮಗುವನ್ನು ನಡೆಸಿ ನೋಡಿದರೆ, ನೀವು ಸರಿಯಾದ ಕಡೆಗೇ ಬಂದಿದ್ದೀರಿ ಎಂದು ತಿಳಿಯಿರಿ.